ಸಹಿ ಹಾಕುವವರಿಗೆ ಹೊತ್ತು ಕೊಡಿ

ಹೊಸನಗರ ತಾಲ್ಲೂಕಿನ ನಿವೃತ್ತ ಸುಬೇದಾರರೊಬ್ಬರ ಪತ್ರ: “ಸೇನೆಯ ಯೋಜನೆಗಳಿಗೆ ಯಂತ್ರಕಲಿಕೆ ಬಳಸುವ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೀ ಅನುಮಾನವನ್ನೇ ಬರೆದಿದ್ದೀರಿ. ನಾನು ಸರಬರಾಜು ವಿಭಾಗದಲ್ಲಿದ್ದವನು. ಎಷ್ಟು ಲಾರಿ, ಎಷ್ಟು ಡೀಸೆಲ್, ಎಷ್ಟು ರೇಷನ್ ಅಂತ ರಾತ್ರಿಯಿಡೀ ಕೂತು ಲೆಕ್ಕ ಹಾಕುತ್ತಿದ್ದೆವು. ಅದನ್ನು ಕಂಪ್ಯೂಟರು ಕ್ಷಣದಲ್ಲಿ ಮಾಡಿದರೆ ನಿಮಗೇನು ಹೊಟ್ಟೆನೋವು? ಕೊನೆಗೆ ಸಹಿ ಹಾಕುವವನು ಅಧಿಕಾರಿಯೇ ತಾನೇ? ಇಂಜಿನಿಯರಿಂಗ್ ಓದುತ್ತಿರುವ ನನ್ನ ಮೊಮ್ಮಗ ಇದೇ ಕೆಲಸಕ್ಕೆ ಸೇರುತ್ತೇನೆ ಅನ್ನುತ್ತಾನೆ. ಬೇಡ ಅನ್ನಲೇ?”

ಸುಬೇದಾರ್ ಸಾಹೇಬರೇ, ಲಾರಿ ಲೆಕ್ಕದ ಬಗ್ಗೆ ನಮ್ಮದೇನೂ ತಕರಾರಿಲ್ಲ. 1991ರ ಕೊಲ್ಲಿ ಯುದ್ಧದಲ್ಲಿ ಅಮೆರಿಕದವರು ‘ಡಾರ್ಟ್’ ಎಂಬ ತಂತ್ರಾಂಶವನ್ನು ಬಳಸಿದ್ದು ಸೈನಿಕರು ಮತ್ತು ಸರಂಜಾಮಿನ ಸಾಗಣೆಯ ಯೋಜನೆಗೇ. ಕೃತಕ ಬುದ್ಧಿಮತ್ತೆಗೆ ಅಷ್ಟು ವರ್ಷ ಸುರಿದ ದುಡ್ಡು ಅದೊಂದರಿಂದಲೇ ಹುಟ್ಟಿತೆಂದು ಅಲ್ಲಿನ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ಹೇಳಿಕೊಂಡಿತು. ಲಾರಿ ಲೆಕ್ಕ ತಪ್ಪಿದರೆ ಡೀಸೆಲ್ ತಡವಾಗುತ್ತದೆ, ಬೈಗುಳ ಬೀಳುತ್ತದೆ, ಮರುದಿನ ಸರಿಪಡಿಸಬಹುದು. ಡ್ರೋನ್ ತೆಗೆದ ಚಿತ್ರದಲ್ಲಿ ಕಾಣುವುದು ಮದುಗುಂಡಿನ ಗಾಡಿಯೋ ಮದುವೆ ದಿಬ್ಬಣದ್ದೋ ಎಂದು ಹೇಳುವ ಕೆಲಸ ಹಾಗಲ್ಲ. 2017ರಲ್ಲಿ ಅಮೆರಿಕ ಶುರುಮಾಡಿದ ‘ಪ್ರಾಜೆಕ್ಟ್ ಮೇವನ್’ ಇಂಥ ಚಿತ್ರಗಳನ್ನು ಯಂತ್ರದಿಂದ ಓದಿಸುವ ಯೋಜನೆ. ನೌಕರರೇ ವಿರೋಧಿಸಿದ್ದರಿಂದ ಮರುವರ್ಷ ಗೂಗಲ್ ಆ ಗುತ್ತಿಗೆಯನ್ನು ಮುಂದುವರಿಸುವುದಿಲ್ಲ ಎಂದಿತು.

ಯಂತ್ರ ಕಲಿಯುವ ಬಗೆ ನಮ್ಮ ಕಡೆಯವರಿಗೆ ಅರ್ಥವಾಗುವುದು ಕಷ್ಟವಲ್ಲ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಹೆಸರು ಬರೆದ ಸಾವಿರಾರು ಚಿತ್ರ ತೋರಿಸಿದರೆ ಅದು ಅಡಿಕೆ ವಿಂಗಡಿಸಲು ಕಲಿಯುತ್ತದೆ. ಶಿವಮೊಗ್ಗದ ಮಂಡಿಯಲ್ಲಿ ಚೆನ್ನಾಗಿಯೇ ಕೆಲಸ ಮಾಡೀತು. ಅದರ ಮುಂದೆ ಮಂಗಳೂರಿನ ಚಾಲಿ ಎಂಬ ಬೇರೆಯೇ ಬಗೆಯ ಅಡಿಕೆ ಸುರಿಯಿರಿ. ‘ಇದು ನನಗೆ ಗೊತ್ತಿಲ್ಲ’ ಅನ್ನಲು ಬೇರೆಯಾಗಿ ಕಲಿಸಿಲ್ಲದಿದ್ದರೆ ಗೊತ್ತಿರುವ ನಾಲ್ಕರಲ್ಲಿ ಒಂದಕ್ಕೆ ಸೇರಿಸಿಬಿಡುತ್ತದೆ, ಅದೂ ನೂರಕ್ಕೆ ತೊಂಬತ್ತು ಖಚಿತ ಎಂಬ ಅಂಕೆಯೊಂದಿಗೆ. ಯುದ್ಧದಲ್ಲಿ ಎದುರಾಳಿ ಚಾಲಿಯನ್ನೇ ತರುತ್ತಾನೆ. ನಾವು ಕಂಡಿಲ್ಲದ್ದನ್ನು ಮಾಡುವುದೇ ಅವನ ಕಸುಬು.

ನಿಮ್ಮ ತಾಲ್ಲೂಕಿನ ‘ನಗರ’ ಎಂಬ ಊರನ್ನೇ ನೋಡಿ. ಆಗಿನ ಬಿದನೂರು. ಸುತ್ತ ಗುಡ್ಡ, ದಟ್ಟ ಕಾಡು, ದಾರಿಗಳಲ್ಲೆಲ್ಲ ಕಾವಲು. ಅದನ್ನಾಳುತ್ತಿದ್ದ ರಾಣಿ ವೀರಮ್ಮಾಜಿಯ ಬಳಿ ಇಂದಿನ ಯಂತ್ರವೊಂದಿದ್ದು ಹಳೆಯ ಮುತ್ತಿಗೆಗಳ ವಿವರವನ್ನೆಲ್ಲ ಅದಕ್ಕೆ ಉಣಿಸಿದ್ದರೆ ‘ಹೆದರಬೇಕಿಲ್ಲ’ ಎಂದೇ ಹೇಳುತ್ತಿತ್ತೇನೋ. 1763ರಲ್ಲಿ ಹೈದರಾಲಿ ಒಳಹೊಕ್ಕಿದ್ದು, ಸೆರೆಯಲ್ಲಿದ್ದ ಹಳೆಯ ಮಂತ್ರಿಯೊಬ್ಬ ತೋರಿಸಿದ ಗುಟ್ಟಿನ ದಾರಿಯಿಂದ ಎಂದು ಚರಿತ್ರೆಕಾರರು ಬರೆದಿದ್ದಾರೆ. ಕಾಡಿನ ಆ ದಾರಿ, ಆ ಮನುಷ್ಯನ ಹಗೆ, ಎರಡೂ ಯಾವ ಕಡತದಲ್ಲೂ ಇರಲಿಲ್ಲ.

ಇನ್ನು ಸಹಿಯ ಮಾತು. ನಮ್ಮ ಅನುಮಾನವೆಲ್ಲ ಇರುವುದು ಇಲ್ಲಿಯೇ. 2003ರ ಮಾರ್ಚ್ 23ರಂದು ಇರಾಕ್ ಯುದ್ಧದಲ್ಲಿ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ಪಡೆ, ದಾಳಿ ಮುಗಿಸಿ ಮರಳುತ್ತಿದ್ದ ಬ್ರಿಟನ್ನಿನ ಟೊರ್ನೇಡೊ ವಿಮಾನವನ್ನು ಹೊಡೆದುರುಳಿಸಿತು. ಅದರಲ್ಲಿದ್ದ ಇಬ್ಬರೂ ಸತ್ತರು. ಬರುತ್ತಿರುವುದು ಶತ್ರು ಕ್ಷಿಪಣಿ ಎಂದು ವರ್ಗೀಕರಿಸಿದ್ದು ಯಂತ್ರ. ಹೊಡೆಯಲು ಒಪ್ಪಿದ್ದು ಮನುಷ್ಯರೇ, ಆದರೆ ಯೋಚಿಸಲು ಅವರಿಗಿದ್ದದ್ದು ಒಂದು ನಿಮಿಷದಷ್ಟು ಹೊತ್ತು. (ಅದು ಇಂದಿನಂತೆ ತಾನೇ ಕಲಿಯುವ ಯಂತ್ರವಲ್ಲ, ನಿಯಮಗಳ ಮೇಲೆ ನಡೆಯುವಂಥದ್ದು. ಪರದೆಯ ಮುಂದೆ ಕೂತವರ ಪಾಡು ಮಾತ್ರ ಬೇರೆಯಲ್ಲ.) ಅದಕ್ಕೂ ಇಪ್ಪತ್ತು ವರ್ಷ ಹಿಂದೆ, 1983ರ ಸೆಪ್ಟೆಂಬರ್ 26ರಂದು, ಅಮೆರಿಕದ ಕ್ಷಿಪಣಿಗಳು ಬರುತ್ತಿವೆ ಎಂದು ಸೋವಿಯತ್ ಉಪಗ್ರಹ ವ್ಯವಸ್ಥೆ ಕೂಗಿಕೊಂಡಾಗ ಕರ್ತವ್ಯದಲ್ಲಿದ್ದ ಅಧಿಕಾರಿ ಸ್ತಾನಿಸ್ಲಾವ್ ಪೆಟ್ರೋವ್ ನಂಬಲಿಲ್ಲ. ನಿಜವಾದ ದಾಳಿ ಐದೇ ಕ್ಷಿಪಣಿಯಿಂದ ಶುರುವಾಗುವುದುಂಟೇ ಎಂಬುದು ಅವರ ಲೆಕ್ಕ. ಅದು ಮೋಡಗಳ ಮೇಲೆ ಮಿಂಚಿದ ಬಿಸಿಲೆಂದು ಆಮೇಲೆ ತಿಳಿಯಿತು. ಅವರಿಗೂ ಸಿಕ್ಕಿದ್ದು ಕೆಲವೇ ನಿಮಿಷ. ಆದರೆ ಯಂತ್ರದ ಮಾತನ್ನು ಎದುರಿಟ್ಟು ತೂಗಲು ಬೇರೆ ತಿಳಿವಳಿಕೆ ಇತ್ತು.

ಯಂತ್ರ ಉಳಿಸಿಕೊಟ್ಟ ಹೊತ್ತು ಅಧಿಕಾರಿಗೆ ಯೋಚಿಸಲು ಸಿಗುತ್ತದೆಯೋ, ಅಥವಾ ಇನ್ನೂ ಹತ್ತು ಗುರಿಗಳಿಗೆ ಸಹಿ ಹಾಕಿಸಲು ಖರ್ಚಾಗುತ್ತದೆಯೋ? ಎರಡನೆಯದಾದರೆ ಅದನ್ನು ಸಹಿ ಅನ್ನಬೇಡಿ, ರಬ್ಬರ್ ಸ್ಟಾಂಪು ಅನ್ನಿ. ಅಮೆರಿಕ 2012ರಲ್ಲಿ ಹೊರಡಿಸಿ 2023ರಲ್ಲಿ ಪರಿಷ್ಕರಿಸಿದ ಆದೇಶ, ಬಲಪ್ರಯೋಗದಲ್ಲಿ ಮನುಷ್ಯನ ವಿವೇಚನೆಗೆ ತಕ್ಕ ಅವಕಾಶ ಇರಬೇಕೆನ್ನುತ್ತದೆ. ಎಷ್ಟು ನಿಮಿಷ ಎಂದು ಹೇಳುವುದಿಲ್ಲ. ನಮ್ಮಲ್ಲಿಯೂ ರಕ್ಷಣಾ ಎಐ (ಕೃತಕ ಬುದ್ಧಿಮತ್ತೆ) ಮಂಡಳಿ 2019ರಲ್ಲಿ ಬಂತು, 2022ರ ಜುಲೈನಲ್ಲಿ ರಕ್ಷಣಾ ಸಚಿವರು 75 ಎಐ ಉತ್ಪನ್ನಗಳನ್ನು ಒಟ್ಟಿಗೆ ಬಿಡುಗಡೆ ಮಾಡಿದರು. ಈ ಪ್ರಶ್ನೆ ನಮಗೂ ದೂರದ್ದಲ್ಲ.

ಮೊಮ್ಮಗನಿಗೆ ಬೇಡ ಅನ್ನಬೇಡಿ. ನಮ್ಮ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಕೃತಕ ಬುದ್ಧಿಮತ್ತೆ ಮತ್ತು ರೋಬಾಟಿಕ್ಸ್ ಕೇಂದ್ರ 1986ರಿಂದ ಬೆಂಗಳೂರಿನಲ್ಲೇ ಇದೆ, ಪ್ರಯತ್ನಿಸಲಿ. ನಿಮ್ಮಿಂದ ನಮಗೊಂದು ಲೇಖನ ಬೇಕು. ಕಾಗದದ ಮೇಲೆ ಸರಿಯಿದ್ದ ಲೆಕ್ಕವನ್ನು ದಾರಿಯಲ್ಲಿ ಯಾರು, ಏನು ನೋಡಿ ಬದಲಿಸುತ್ತಿದ್ದರು, ಅದಕ್ಕೆ ಮೇಲಿನವರು ಏನನ್ನುತ್ತಿದ್ದರು ಎಂಬುದನ್ನು, ಹೇಳಬಾರದ್ದನ್ನು ಬಿಟ್ಟು, ಬರೆದು ಕಳಿಸಿ. ಕೈಬರಹದಲ್ಲಿದ್ದರೂ ನಡೆಯುತ್ತದೆ.

— ಸಂಪಾದಕ