ನಮ್ಮದೇ ರಕ್ತದ ಫೇಶಿಯಲ್

ಪ್ರಶ್ನೆ: ಮೂರು ವಾರಕ್ಕೆ ಮದುವೆ. ಬಡಾವಣೆಯ ಪಾರ್ಲರ್‌ನಲ್ಲಿ ವ್ಯಾಂಪೈರ್ ಫೇಶಿಯಲ್ ಇದೆಯಂತೆ. ಮೊಡವೆಯ ಗುಳಿ ಹೋಗುತ್ತದೆಯೇ?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಪಾರ್ಲರ್ ಬೇಡವೇ ಬೇಡ, ಚರ್ಮವೈದ್ಯರನ್ನೇ ಕಾಣಿ. ಈ ಫೇಶಿಯಲ್‌ನಲ್ಲಿ ನಿಮ್ಮ ತೋಳಿನಿಂದಲೇ 10–20 ಮಿ.ಲೀ. ರಕ್ತ ತೆಗೆದು, ಹೆಪ್ಪುಗಟ್ಟದಂತೆ ಸಿಟ್ರೇಟ್ ಇರುವ ಟ್ಯೂಬಿನಲ್ಲಿ ಗಿರ್ರನೆ ತಿರುಗಿಸುತ್ತಾರೆ. ಕೆಂಪು ಕಣ ತಳಕ್ಕಿಳಿದು ಮೇಲೆ ರಕ್ತದ ಹಳದಿ ದ್ರವ, ಅಂದರೆ ಪ್ಲಾಸ್ಮಾ, ನಿಲ್ಲುತ್ತದೆ. ಕೆಂಪಿನ ಅಂಚಿಗೆ ಹತ್ತಿರದ ಪದರದಲ್ಲೇ ಗಾಯ ಮಾಯಲು ನೆರವಾಗುವ ಪ್ಲೇಟ್‌ಲೆಟ್ ಕಣಗಳು ಹೆಚ್ಚು. ಅದನ್ನು ಮೈಕ್ರೊನೀಡ್ಲಿಂಗ್ (ಸಣ್ಣ ಸೂಜಿಗಳಿಂದ ಚರ್ಮ ಚುಚ್ಚುವುದು) ಜೊತೆ ಮುಖಕ್ಕೆ ಹಚ್ಚುತ್ತಾರೆ. ಗುಳಿ ತುಸು ತುಂಬಬಹುದು, ಮಾಯವಾಗದು. ಅದಕ್ಕೂ ತಿಂಗಳಿಗೊಮ್ಮೆಯಂತೆ ಸಾಮಾನ್ಯವಾಗಿ 3 ಸಲ ಬೇಕು. ಮೂರು ವಾರದಲ್ಲಿ ಆಗುವ ಮಾತಲ್ಲ.

ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಲೈಸೆನ್ಸ್ ಇಲ್ಲದ ಸ್ಪಾ ಒಂದರಲ್ಲಿ 2018ರಲ್ಲಿ ಇದೇ ಫೇಶಿಯಲ್ ಮಾಡಿಸಿಕೊಂಡವರಿಗೆ ಎಚ್‌ಐವಿ ತಗುಲಿತು. ಹಾಗಾಗಿ ಟ್ಯೂಬಿನ ಮೇಲೆ ನಿಮ್ಮ ಹೆಸರಿರಲಿ, ಸೂಜಿಯ ಸೀಲನ್ನು ನಿಮ್ಮೆದುರೇ ಒಡೆಯಲಿ. ಆಮೇಲೆ ಬಿಸಿಲಿಗೆ ಹೋದರೆ ಕಪ್ಪು ಕಲೆ ಬೀಳಬಹುದು, ಸನ್‌ಸ್ಕ್ರೀನ್ ಬಿಡಬೇಡಿ.