ಗೋಡೆ ಕೊರೆಯುವ ಮುಂಚೆ ಬಿಸಿನೀರಿನ ದಾರಿ ತೀರ್ಮಾನ ಮಾಡಿ

30x40 ಸೈಟು, ಎರಡು ಅಂತಸ್ತು, ಮೂರು ಬಾತ್‌ರೂಮು, ತಾರಸಿ ಮೇಲೆ ಸೋಲಾರ್ ವಾಟರ್ ಹೀಟರ್. ಮುಂದಿನ ವಾರ ಪ್ಲಂಬರ್ ಬರುತ್ತಾರೆ, ಬಿಸಿನೀರು ತಣ್ಣೀರಿನ ಲೈನು ಹೇಗೆ ಎಳೆಸಲಿ ಅಂತ ಕೇಳಿದ್ದೀರಿ. ನಾನು ಮೈಸೂರಿನಲ್ಲಿ ಪ್ಲಂಬರ್ ಪಕ್ಕದಲ್ಲೇ ನಿಂತು ಮನೆ ಕಟ್ಟಿಸಿದವನು, ಗೊತ್ತಿರುವುದನ್ನು ಹೇಳುತ್ತೇನೆ.

ಮೊದಲು ಸೋಲಾರ್ ಎಲ್ಲಿ ಕೂರುತ್ತದೆ ಅಂತ ಗೊತ್ತು ಮಾಡಿಕೊಳ್ಳಿ. ಎಲ್ಲರೂ ಇದನ್ನು ಕೊನೆಗೆ ಬಿಡುತ್ತಾರೆ, ಆಮೇಲೆ ತಾರಸಿಯ ಯಾವುದೋ ಮೂಲೆಯಿಂದ ಪೈಪು ಸುತ್ತಿ ಸುತ್ತಿ ಬರುತ್ತದೆ. ಮುಕ್ಕಾಲು ಇಂಚಿನ ಸಿಪಿವಿಸಿ (ಬಿಸಿನೀರು ತಡೆಯುವ ಪ್ಲಾಸ್ಟಿಕ್) ಪೈಪಿನಲ್ಲಿ ಮೀಟರಿಗೆ ಸುಮಾರು ಕಾಲು ಲೀಟರ್ ನೀರು ನಿಂತಿರುತ್ತದೆ. 20 ಮೀಟರ್ ದೂರ ಅಂದರೆ ದಿನಾ ಬೆಳಿಗ್ಗೆ 5 ಲೀಟರ್ ತಣ್ಣೀರು ಹೋದ ಮೇಲೇ ಬಿಸಿ ಬರುವುದು, ಪೈಪೂ ಬಿಸಿಯಾಗಬೇಕಲ್ಲ, ಅದಕ್ಕೆ ಇನ್ನೂ ಸ್ವಲ್ಪ. ನೆರಳು ಬೀಳದ ಜಾಗ ಬಾತ್‌ರೂಮಿನ ಡಕ್ಟ್ (ಪೈಪುಗಳು ಇಳಿಯುವ ಕಿಂಡಿ) ಹತ್ತಿರ ಸಿಕ್ಕರೆ ಅಲ್ಲೇ ಇಡಿಸಿ, ಅಲ್ಲಿಂದ ನೇರ ಕೆಳಗಿಳಿಸಿ.

ಓವರ್‌ಹೆಡ್ ಟ್ಯಾಂಕಿನ ತಳ ಸೋಲಾರ್ ಟ್ಯಾಂಕಿಗಿಂತ ಮೇಲಿರಬೇಕು. ಟ್ಯಾಂಕಿನಿಂದ ಸೋಲಾರ್‌ಗೆ ಬರುವ ಲೈನು ಬೇರೆಯೇ ಇರಲಿ, ಮಧ್ಯೆ ಒಂದು ನಲ್ಲಿಯನ್ನೂ ಕೊಡಬೇಡಿ. ಸೋಲಾರ್ ಟ್ಯಾಂಕಿನಿಂದ ಗಾಳಿ, ಹಬೆ ಹೊರಹೋಗುವ ಏರ್ ವೆಂಟ್ ಪೈಪು ಓವರ್‌ಹೆಡ್ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಎತ್ತರ ಹೋಗಲೇಬೇಕು, ಇಲ್ಲದಿದ್ದರೆ ಅಲ್ಲಿಂದ ನೀರು ಸುರಿಯುತ್ತಲೇ ಇರುತ್ತದೆ.

ಈಗ ಪ್ರೆಷರ್. ಜಾಸ್ತಿ ಮನೆಗಳಲ್ಲಿ ಕೆಡುವುದು ಇಲ್ಲೇ. 10 ಮೀಟರ್ ಎತ್ತರದ ನೀರು ಸುಮಾರು 1 ಕೆಜಿ (ಚದರ ಸೆಂಟಿಮೀಟರಿಗೆ) ಪ್ರೆಷರ್ ಕೊಡುತ್ತದೆ. ಮೇಲಿನ ಮಹಡಿಯ ಶವರ್‌ಗೂ ಟ್ಯಾಂಕಿಗೂ ಇರುವ ಅಂತರ ಹೆಚ್ಚೆಂದರೆ ಮೂರು ಮೀಟರ್, ಅಂದರೆ 0.3 ಕೆಜಿ. ಶವರ್ ಜೋರಾಗಿ ಬರಲಿ ಅಂತ ಕೆಲವರು ತಣ್ಣೀರಿನ ಲೈನಿಗೆ ಮಾತ್ರ ಪ್ರೆಷರ್ ಪಂಪ್ ಹಾಕಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬಿಸಿನೀರು ತಣ್ಣೀರು ಬೆರೆಸುವ ಮಿಕ್ಸರ್ ನಲ್ಲಿ ತೆರೆದ ತಕ್ಷಣ ತಣ್ಣೀರು ಬಿಸಿನೀರಿನ ಪೈಪಿನೊಳಗೆ ನುಗ್ಗಿ, ಹಿಂದಕ್ಕೆ ಸೋಲಾರ್ ಟ್ಯಾಂಕಿನವರೆಗೂ ತಳ್ಳಿಕೊಂಡು ಹೋಗುತ್ತದೆ, ನೀವು ಸೋಲಾರ್ ಕೆಟ್ಟಿದೆ ಅಂದುಕೊಳ್ಳುತ್ತೀರಿ. ಎನ್‌ಆರ್‌ವಿ (ನೀರನ್ನು ಒಂದೇ ಕಡೆಗೆ ಬಿಡುವ ವಾಲ್ವ್) ಹಾಕಿದರೆ ಹಿಂದೆ ಹೋಗುವುದು ನಿಲ್ಲುತ್ತದೆ, ಆದರೆ ಬಿಸಿನೀರೂ ಸರಿಯಾಗಿ ಬರುವುದಿಲ್ಲ. ಎರಡನ್ನೂ ಪಂಪಿಲ್ಲದೆ ಬಿಡಿ, ಇಲ್ಲವೇ ಬಿಸಿನೀರು ತಡೆಯುವ ಪಂಪನ್ನು ಬಿಸಿನೀರಿನ ಲೈನಿಗೂ ಹಾಕಿಸಿ. ಸಾಮಾನ್ಯ ಸೋಲಾರ್ ಟ್ಯಾಂಕ್ ಪ್ರೆಷರ್ ತಡೆಯುವುದಿಲ್ಲ, ಹಾಗಾಗಿ ಪಂಪ್ ಸೋಲಾರ್ ಆದ ಮೇಲೆ ಬರಬೇಕು, ಅದಕ್ಕೂ ಮುಂಚೆ ಬೇಡ. ನನ್ನ ಮಾತು ಕೇಳಿದರೆ, ಟ್ಯಾಂಕಿನ ಸ್ಟ್ಯಾಂಡನ್ನೇ ಎತ್ತರ ಮಾಡಿಸಿ, ಮೇನ್ ಇಳಿಕೆಗೆ 1 ಇಂಚು, ಬಾತ್‌ರೂಮಿಗೆ ಮುಕ್ಕಾಲು, ನಲ್ಲಿಗೆ ಮಾತ್ರ ಅರ್ಧ ಇಂಚು ಕೊಡಿಸಿ, ಎಲ್ಬೋ (ಪೈಪಿನ ತಿರುವು) ಕಡಿಮೆ ಮಾಡಿಸಿ.

ಬಿಸಿನೀರಿಗೆ ಸಿಪಿವಿಸಿ ಹಾಕಿಸಿ, ಅದಕ್ಕೆ ಅದರದ್ದೇ ಸಾಲ್ವೆಂಟ್ (ಜಾಯಿಂಟಿನ ಅಂಟು). ತಣ್ಣೀರಿನ ಯುಪಿವಿಸಿ ಪೈಪಿನ ಗಮ್ ಹಚ್ಚಿ ಸುಮ್ನೆ ಮುಗಿಸುವವರಿದ್ದಾರೆ, ಡಬ್ಬಿ ನೋಡಿ. ಬಿಸಿಗೆ ಪೈಪು ಉದ್ದವಾಗುತ್ತದೆ: 40 ಡಿಗ್ರಿ ಏರಿದರೆ 10 ಮೀಟರಿಗೆ ಸುಮಾರು ಎರಡೂವರೆ ಸೆಂಟಿಮೀಟರ್. ತಾರಸಿಯಲ್ಲಿ ಉದ್ದಕ್ಕೆ ಹೋಗುವ ಕಡೆ ಒಂದು ಬೆಂಡ್ ಕೊಡಿಸಿ, ಕ್ಲ್ಯಾಂಪನ್ನು ತೀರಾ ಬಿಗಿ ಮಾಡಿಸಬೇಡಿ. ಮೇಲೆ ಇನ್ಸುಲೇಷನ್ ಸುತ್ತಿಸಿ, ಬಿಸಿಲಿಗೆ ಪೈಪು ಬರಿ ಇರಬಾರದು.

ಮಳೆಗಾಲದ ಮೋಡದಲ್ಲಿ ಸೋಲಾರ್ ನೆಚ್ಚಿಕೊಳ್ಳುವಂತಿಲ್ಲ, ಅಲ್ವಾ? ಒಂದು ಬಾತ್‌ರೂಮಿನಲ್ಲಾದರೂ ಗೀಸರ್ ಪಾಯಿಂಟ್ ಬಿಡಿ. ಸೋಲಾರ್ ಲೈನನ್ನು ಬಂದ್ ಮಾಡಲು ಬಾಲ್ ವಾಲ್ವ್ ಇರಲಿ, ಇಲ್ಲದಿದ್ದರೆ ಗೀಸರ್ ನೀರು ಆ ಪೈಪಿಗೇ ಏರುತ್ತದೆ.

ಡೈವರ್ಟರ್ ಬಾಡಿಯನ್ನು (ನೀರನ್ನು ಶವರ್‌ಗೋ ನಲ್ಲಿಗೋ ತಿರುಗಿಸುವ, ಗೋಡೆಯೊಳಗೆ ಕೂರುವ ಭಾಗ) ಈಗಲೇ ಕೊಂಡು ತನ್ನಿ. ಗೋಡೆ ಎಷ್ಟು ಆಳ ಕೊರೆಯಬೇಕು ಅನ್ನುವುದು ಅದರ ಮೇಲೆ, ಟೈಲ್ಸ್ ದಪ್ಪವನ್ನೂ ಸೇರಿಸಿ ಲೆಕ್ಕ ಹಾಕಿಸಿ. ಬಿಸಿ ಎಡಕ್ಕೆ, ತಣ್ಣೀರು ಬಲಕ್ಕೆ. ಪ್ಲಾಸ್ಟರ್‌ಗೆ ಮುಂಚೆ ಕೈಪಂಪಿನಿಂದ ಪ್ರೆಷರ್ ಟೆಸ್ಟ್ ಮಾಡಿಸಿ ರಾತ್ರಿಯಿಡೀ ಬಿಡಿ, ಬೆಳಿಗ್ಗೆ ಗೇಜಿನ ಮುಳ್ಳು ಇಳಿದಿದ್ದರೆ ಮೇಸ್ತ್ರಿಗೆ ಗೋಡೆ ಮುಟ್ಟಲು ಬಿಡಬೇಡಿ. ಅಳತೆ ಟೇಪ್ ಹಿಡಿದು ಪ್ರತಿ ಗೋಡೆಯ ಫೋಟೋ ತೆಗೆದಿಡಿ, ಮುಂದೆ ಕನ್ನಡಿಗೋ ಟವೆಲ್ ರಾಡಿಗೋ ಡ್ರಿಲ್ ಹಾಕುವಾಗ ಬೇಕಾಗುತ್ತದೆ.