ಸಿಎಸ್‌ಐನವರು ಮೆಥಡಿಸ್ಟ್ ಸಭೆಗೆ ಹೋಗಬಹುದಾ?

ಮೈಸೂರಿನ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ, ಹಲವು ಪ್ರೊಟೆಸ್ಟೆಂಟ್ ಸಭೆಗಳು ಒಂದಾಗಿ ಆದದ್ದು) ಸಭೆಯವರು, ಈಗ ಬೀದರ್ ಕಡೆ ಕೆಲಸ ಸಿಕ್ಕಿದೆ, ಅಲ್ಲಿನ ಸಣ್ಣ ಮೆಥಡಿಸ್ಟ್ ಸಭೆಯಲ್ಲಿ ಕರ್ತನ ಭೋಜನ (ಆರಾಧನೆಯಲ್ಲಿ ಹಂಚುವ ರೊಟ್ಟಿ, ದ್ರಾಕ್ಷಾರಸ) ಕೊಡುತ್ತಾರಾ, ಹೊರಗಿನವರು ಅನ್ನಿಸುತ್ತಾ ಅಂತ ಕೇಳಿದ್ದೀರಿ. ಧಾರಾಳವಾಗಿ ಹೋಗಿ. ಭೋಜನಕ್ಕೆ ತೊಂದರೆ ಇರೋದಿಲ್ಲ, ಆದರೂ ಮೊದಲ ಸಲ ಪಾಸ್ಟರ್ ಹತ್ತಿರ ಒಂದು ಮಾತು ಹೇಳಿಡಿ.

ನೀವು ಅಂದುಕೊಂಡಷ್ಟು ದೂರದವರೂ ಅಲ್ಲ. ಮೈಸೂರು ಕಡೆಯ ವೆಸ್ಲಿಯನ್ ಸಭೆಗಳು ಬ್ರಿಟಿಷ್ ಮೆಥಡಿಸ್ಟರವು, 1947ರಲ್ಲಿ ಸಿಎಸ್‌ಐಗೆ ಸೇರಿಕೊಂಡವು. ಬೀದರ್‌ನವು ಅಮೆರಿಕದ ಮೆಥಡಿಸ್ಟ್ ಮಿಷನ್ನಿನವು, ಸೇರಲಿಲ್ಲ, 1981ರಲ್ಲಿ ಭಾರತದ ಮೆಥಡಿಸ್ಟ್ ಸಭೆ ಅಂತ ಸ್ವತಂತ್ರವಾದವು. ಮೂಲಪುರುಷ ಇಬ್ಬರಿಗೂ ಮೆಥಡಿಸ್ಟ್ ಪಂಥ ಶುರುಮಾಡಿದ ಜಾನ್ ವೆಸ್ಲಿಯೇ, ಅಲ್ವಾ?

ಭಾನುವಾರ ಆರಾಧನೆ ಮುಗಿದ ತಕ್ಷಣ ಸುಮ್ನೆ ಮನೆಗೆ ಓಡಬೇಡಿ. ಸಣ್ಣ ಸಭೆಯಲ್ಲಿ ಪರಿಚಯ ಆಗೋದು ಬಾಗಿಲ ಹತ್ತಿರ, ಚಪ್ಪಲಿ ಹಾಕಿಕೊಳ್ಳುವಾಗ. ವಾರದ ಮಧ್ಯೆ ಯಾರದಾದರೂ ಮನೆಯಲ್ಲಿ ಪ್ರಾರ್ಥನೆ ಇದ್ದರೆ ತಪ್ಪಿಸಬೇಡಿ, ಚಾಪೆ ಮೇಲೆ ಒತ್ತಾಗಿ ಕೂತು ಹಾಡಿ, ಕೊನೆಗೆ ಚಹಾ ಕುಡಿಯುವ ಹೊತ್ತಿಗೆ ನಿಮ್ಮ ಊರು, ಕೆಲಸ, ಮದುವೆ ವಿಚಾರ ಎಲ್ಲಾ ಅವರಿಗೆ ಗೊತ್ತಾಗಿರುತ್ತದೆ (ಸ್ವಲ್ಪ ಜಾಸ್ತಿಯೇ). ಹೆಂಗಸರ ಸಂಘ, ಯುವಜನರ ಕೂಟ, ಸಂಡೇ ಸ್ಕೂಲ್ ಸಾಮಾನ್ಯವಾಗಿ ಇರುತ್ತವೆ. ಹಾಡಲು ಬಂದರೆ ಕ್ರಿಸ್‌ಮಸ್‌ಗೆ ಮೊದಲೇ ನಿಮ್ಮನ್ನು ಕ್ವಾಯರ್‌ಗೆ ಎಳೆದುಕೊಳ್ಳುತ್ತಾರೆ.

ಸಭೆಯ ಸುಗ್ಗಿ ಹಬ್ಬದಲ್ಲಿ, ಜನ ಕಾಣಿಕೆಯಾಗಿ ತಂದದ್ದರ ಹರಾಜು ಸಿಕ್ಕರೆ ಬಿಡಬೇಡಿ. ಯಾರೋ ತಂದುಕೊಟ್ಟ ಕುಂಬಳಕಾಯಿಯನ್ನು ಒಬ್ಬರು ಮಾರುಕಟ್ಟೆಗಿಂತ ಹತ್ತು ಪಟ್ಟು ಕೊಟ್ಟು ಕೊಂಡು, ತಿರುಗಿ ಸಭೆಗೇ ಕೊಡುತ್ತಾರೆ, ಅದು ಮತ್ತೆ ಹರಾಜಿಗೆ! ಚಿಲ್ಲರೆ ಇಟ್ಟುಕೊಂಡು ಹೋಗಿ.